ಆರು ವರ್ಷ ಬಳಸಿದ ಕ್ಲಾಂಪ್ ಮೀಟರ್: ಗೀಸರ್ ಕೆಟ್ಟಿರಲಿಲ್ಲ, ಜಾಯಿಂಟ್ ಸುಟ್ಟಿತ್ತು

ನಮ್ಮದು ಸಾಗರದ ಹತ್ತಿರದ ಹಳ್ಳಿ. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಬರುವ ಲೈನಿಗೆ ನಮ್ಮದೇ ಕೊನೆಯ ಮನೆ. ಸಂಜೆ ಏಳಾದರೆ ಸಾಕು, ವೋಲ್ಟೇಜ್ ಡಲ್. ಅದು ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಲು 2019ರಲ್ಲಿ ಎರಡು ಸಾವಿರದೊಳಗಿನ ಒಂದು ಕ್ಲಾಂಪ್ ಮೀಟರ್ ಕೊಂಡೆ. ಇದು ವೋಲ್ಟೇಜ್ ಅಳೆಯುತ್ತದೆ, ಜೊತೆಗೆ ವಯರನ್ನು ಇಕ್ಕಳದ ಹಾಗೆ ಸುತ್ತ ಹಿಡಿದರೆ, ಕತ್ತರಿಸದೆಯೇ ಆಂಪ್ಸ್ (ಹರಿಯುವ ಕರೆಂಟ್) ತೋರಿಸುತ್ತದೆ. ಅದು ಇನ್ನೂ ಕೆಲಸ ಮಾಡುತ್ತಿದೆ.

ಇದರ ಬೆಲೆ ನನಗೆ ಗೊತ್ತಾದದ್ದು ಗೀಸರ್ ವಿಷಯದಲ್ಲಿ. "ನೀರು ಕಾಯೋದೇ ಇಲ್ಲ ಮಾರಾಯ" ಅಂತ ಅಮ್ಮ ದಿನಾ ಹೇಳುತ್ತಿದ್ದರು. ರಿಪೇರಿಗೆ ಬಂದವರು ಗೀಸರ್ ಬಿಚ್ಚದೆಯೇ ಕಾಯಿಲ್ ಬದಲಿಸಬೇಕು ಅಂದರು. ನಾನು ಒಂದು ದಿನ ತಡೆಯಿರಿ ಅಂದೆ.

ಅದು 2 ಕಿಲೋವ್ಯಾಟ್ ಗೀಸರ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 8.7 ಆಂಪ್ ಎಳೆಯಬೇಕು. 230ನ್ನು 8.7ರಿಂದ ಭಾಗಿಸಿದರೆ ಕಾಯಿಲಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 26.4 ಓಮ್. ಗೀಸರ್ ಹಾಕಿ, ಅದರದೇ ಸ್ವಿಚ್ ಬೋರ್ಡಿನ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿದೆ: 186. ಆಂಪ್ಸ್ 7.0. ಭಾಗಿಸಿದರೆ 26.6 ಓಮ್. ಅಂದರೆ ಕಾಯಿಲ್ ಸರಿಯಾಗಿಯೇ ಇದೆ! ಆದರೆ 186 ಗುಣಿಸು 7, ಅದಕ್ಕೆ ಸಿಗುತ್ತಿದ್ದದ್ದು ಬರೀ 1300 ವ್ಯಾಟ್. ವೋಲ್ಟೇಜ್ ಇಳಿದರೆ ಕಾಯಿಲಿನಲ್ಲಿ ಆಂಪ್ಸ್ ಕೂಡ ಇಳಿಯುತ್ತದೆ, ಹಾಗಾಗಿ ಪವರ್‌ಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ.

ಹಾಗೇ ಗೀಸರ್ ಓಡುತ್ತಿರುವಾಗಲೇ ಹೋಗಿ ಮೀಟರ್ ಬೋರ್ಡಿನಲ್ಲಿ ನೋಡಿದೆ: 198. ಮೀಟರ್ ಬೋರ್ಡಿನಿಂದ ಬಚ್ಚಲಿಗೆ ಬರುವಷ್ಟರಲ್ಲಿ 12 ವೋಲ್ಟ್ ಹೋಗಿದೆ! 12 ಭಾಗಿಸು 7, ಸುಮಾರು 1.7 ಓಮ್. ವಯರ್ 1.5 ಸ್ಕ್ವೇರ್ ಎಂಎಂ ತಾಮ್ರದ್ದು, ಹೋಗಿ ಬಂದು 30 ಮೀಟರ್. ಅಂಥ ವಯರಿಗೆ ಕಿಲೋಮೀಟರಿಗೆ ಸುಮಾರು 12 ಓಮ್, ಅಂದರೆ ನಮ್ಮದಕ್ಕೆ 0.36. ಉಳಿದ 1.3 ಓಮ್ ಎಲ್ಲಿ? 7 ಆಂಪಿಗೆ ಅಷ್ಟು ಓಮ್ ಅಂದರೆ 60 ವ್ಯಾಟಿಗಿಂತ ಜಾಸ್ತಿ ಬಿಸಿ. ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟ್. ಅಂಥ ಎರಡಕ್ಕಿಂತ ಜಾಸ್ತಿ ಐರನ್ನಿನ ಬಿಸಿ ಗೋಡೆಯೊಳಗೆ ಎಲ್ಲೋ ಕೂತಿತ್ತು.

ಮೇನ್ ಆಫ್ ಮಾಡಿ, ನಮ್ಮೂರ ಎಲೆಕ್ಟ್ರಿಷಿಯನ್ ಜೊತೆ ಜಂಕ್ಷನ್ ಬಾಕ್ಸ್ ಬಿಚ್ಚಿದೆವು. ನ್ಯೂಟ್ರಲ್ ಜಾಯಿಂಟ್ ಸುಮ್ನೆ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದು. ಟೇಪ್ ಕರಗಿ ಅಂಟಾಗಿ, ತಾಮ್ರ ಕಪ್ಪಾಗಿತ್ತು. ಮುಟ್ಟಿದ ಕೂಡಲೇ ಒಂದು ಎಳೆ ಮುರಿದು ಕೈಗೆ ಬಂತು. ಕತ್ತರಿಸಿ ಕನೆಕ್ಟರ್ ಹಾಕಿದ ಮೇಲೆ ಪ್ಲಗ್ಗಿನಲ್ಲಿ 195 ವೋಲ್ಟ್, 7.4 ಆಂಪ್, 1440 ವ್ಯಾಟ್. ನೀರು ಕಾಯುವುದರಲ್ಲಿ ಎರಡು ಮೂರು ನಿಮಿಷದ ವ್ಯತ್ಯಾಸ ಅಷ್ಟೇ, ಉಳಿದದ್ದು ಲೈನಿನ ಡಲ್. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಗೋಡೆಯ ಪಕ್ಕದಲ್ಲೇ ಅಮ್ಮನ ಮಂಚ.

ಮೀಟರಿನ ಓಮ್ ಸೆಟ್ಟಿಂಗಲ್ಲೇ ಇದನ್ನು ಅಳೆಯಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಅಷ್ಟು ಸಣ್ಣ ರೆಸಿಸ್ಟೆನ್ಸ್ ಅಳೆಯಲು ಹೋದರೆ ಪ್ರೋಬ್ ವಯರಿನದೂ ಸೇರಿಕೊಳ್ಳುತ್ತದೆ. ನನ್ನದರಲ್ಲಿ ಎರಡು ಪ್ರೋಬ್ ಮುಟ್ಟಿಸಿದರೇ 0.4 ತೋರಿಸುತ್ತದೆ. ಕರೆಂಟ್ ಹರಿಯುವಾಗ ವೋಲ್ಟೇಜ್, ಆಂಪ್ಸ್ ಹಿಡಿದು ಭಾಗಿಸುವುದೇ ನಂಬಿಕೆಯ ದಾರಿ.

ಹೊಸಬರು ಮಾಡುವ ತಪ್ಪು ಒಂದಿದೆ. ಇಡೀ ಕೇಬಲ್ಲಿಗೆ ಕ್ಲಾಂಪ್ ಹಾಕಿದರೆ ಸೊನ್ನೆ ಬರುತ್ತದೆ, ಯಾಕೆಂದರೆ ಫೇಸ್‌ನಲ್ಲಿ ಹೋಗಿದ್ದೇ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ. ಒಂದೇ ವಯರ್ ಹಿಡಿಯಬೇಕು. ಅದಕ್ಕಾಗಿ 16 ಆಂಪ್ ಪ್ಲಗ್, ಸಾಕೆಟ್ ಹಾಕಿ ಮೂರು ವಯರೂ ಬೇರೆ ಬೇರೆಯಾಗಿ ಕಾಣುವ ಗೇಣುದ್ದದ ಎಕ್ಸ್‌ಟೆನ್ಷನ್ ಮಾಡಿಸಿಕೊಂಡಿದ್ದೇನೆ. ಆಂಪ್ಸ್ ತೀರಾ ಕಡಿಮೆ ಇದ್ದರೆ ಇನ್ನೊಂದು ಉದ್ದ ವಯರಿನದು ಇದೆ. ಅದರ ಫೇಸ್ ವಯರನ್ನು ಕ್ಲಾಂಪಿಗೆ ಹತ್ತು ಸುತ್ತು ಸುತ್ತಿ, ಬಂದ ಸಂಖ್ಯೆಯನ್ನು ಹತ್ತರಿಂದ ಭಾಗಿಸುತ್ತೇನೆ.

ಇನ್ನು ಕೊರತೆಗಳು. ಇದು ಟ್ರೂ ಆರ್‌ಎಂಎಸ್ (ಕರೆಂಟಿನ ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಅಳೆಯುವ ವಿಧ) ಅಲ್ಲ. ಗೀಸರ್, ಇಸ್ತ್ರಿಪೆಟ್ಟಿಗೆಗೆ ಲೆಕ್ಕ ಸರಿಯಾಗಿಯೇ ಬರುತ್ತದೆ, ಎಲ್‌ಇಡಿ ಬಲ್ಬಿನ ಆಂಪ್ಸ್ ಮಾತ್ರ ನಂಬುವ ಹಾಗಿಲ್ಲ. ಸರಿಯಾಗಿ ಅಳೆದರೂ ಎಲ್‌ಇಡಿ, ಮೋಟಾರ್‌ಗಳಲ್ಲಿ ವೋಲ್ಟೇಜನ್ನು ಆಂಪ್ಸ್‌ನಿಂದ ಗುಣಿಸಿದರೆ ಬರುವುದು ವಿಎ, ವ್ಯಾಟ್ ಅಲ್ಲ. ಅಲ್ಲಿ ಪವರ್ ಫ್ಯಾಕ್ಟರ್ (ಆ ವಿಎಯಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವ ಸಂಖ್ಯೆ) ಕೂಡ ಬೇಕು. ಯುಪಿಎಸ್ ಬ್ಯಾಟರಿ ಕಡೆಯ ಡಿಸಿ ಆಂಪ್ಸ್ ಇದರ ಕ್ಲಾಂಪಿಗೆ ಸಿಗುವುದೇ ಇಲ್ಲ. ಒಮ್ಮೆ ಮನೆಯಲ್ಲಿ 262 ವೋಲ್ಟ್ ತೋರಿಸಿ ಗಾಬರಿಯಾಗಿತ್ತು. ನೋಡಿದರೆ 9 ವೋಲ್ಟ್ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಆ ಬ್ಯಾಟರಿ ಗುರುತು ಮೂಲೆಯಲ್ಲಿ ಎಷ್ಟು ಚಿಕ್ಕದಿದೆ ಅಂದರೆ, ಕನ್ನಡಕ ಇಲ್ಲದೆ ಕಾಣುವುದಿಲ್ಲ. ಪ್ರೋಬ್ ವಯರ್ ಮೂರನೇ ವರ್ಷಕ್ಕೆ ಬುಡದಲ್ಲಿ ಬಿರುಕು ಬಿಟ್ಟಿತು. ಕೂಡಲೇ ಬದಲಿಸಿದೆ, ಅಂಥದ್ದಕ್ಕೆ ಟೇಪ್ ಸುತ್ತಿ ಬಳಸಲೇಬೇಡಿ.

ಈಗ ಕೊಳ್ಳುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟು ಟ್ರೂ ಆರ್‌ಎಂಎಸ್, ಡಿಸಿ ಆಂಪ್ಸ್ ಎರಡೂ ಇರುವುದನ್ನೇ ಕೊಳ್ಳಿ. ಮೇಲೆ ಕ್ಯಾಟ್ 3, 600 ವೋಲ್ಟ್ (ಮೀಟರ್ ಬೋರ್ಡಿನಂಥ ಕಡೆ ಬಳಸಲು ಬೇಕಾದ ಸುರಕ್ಷತೆಯ ಗುರುತು) ಅಂತ ಬರೆದಿದೆಯಾ ನೋಡಿಕೊಳ್ಳಿ. ನಾನಂತೂ ಪ್ರತಿ ಮಳೆಗಾಲದ ಮೊದಲು ಒಂದೊಂದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ ಹಾಕಿ, ಮೀಟರ್ ಬೋರ್ಡಿನಲ್ಲಿ ಎಷ್ಟು ವೋಲ್ಟ್, ಪ್ಲಗ್ಗಿನಲ್ಲಿ ಎಷ್ಟು ಅಂತ ಬರೆದಿಡುತ್ತೇನೆ. ಈ ವರ್ಷ ಅಡುಗೆಮನೆಯ ಪ್ಲಗ್‌ವರೆಗಿನ ರೆಸಿಸ್ಟೆನ್ಸ್ 0.4 ಓಮಿನಿಂದ 0.9ಕ್ಕೆ ಏರಿದೆ. ಭಾನುವಾರ ಬಿಚ್ಚಬೇಕು.