ಎಫ್-35, ಗ್ರಿಪೆನ್, ರಫೇಲ್: ಪೋರ್ಚುಗಲ್‌ಗೆ ಯಾವುದು ತಕ್ಕುದು?

ಪೋರ್ಚುಗಲ್ ತನ್ನ ಹಳೆಯ ಎಫ್-16 ಯುದ್ಧವಿಮಾನಗಳನ್ನು ಬದಲಿಸಬೇಕಿದೆ. ವಿಮಾನದ ಜೊತೆಗೆ, ಮುಂದಿನ ಕೆಲವು ದಶಕ ಯಾರನ್ನು ನೆಚ್ಚಿಕೊಳ್ಳಬೇಕು ಎಂಬುದೂ ಈಗಲೇ ತೀರ್ಮಾನವಾಗುತ್ತದೆ.

ಸಾಮರ್ಥ್ಯವೊಂದನ್ನೇ ನೋಡಿದರೆ ಅಮೆರಿಕದ ಎಫ್-35 ಮುಂದಿದೆ. ರೇಡಾರ್ ಕಣ್ಣು ತಪ್ಪಿಸುವುದರಲ್ಲಿ ಯುರೋಪಿನ ಯಾವ ವಿಮಾನವೂ ಅದಕ್ಕೆ ಸಾಟಿಯಲ್ಲ. ತನ್ನ ಅಧೀನದ ಗ್ರೀನ್‌ಲ್ಯಾಂಡ್ ವಿಷಯದಲ್ಲಿ ಟ್ರಂಪ್ ಅವರ ಒತ್ತಡ ಎದುರಿಸಿದ ಡೆನ್ಮಾರ್ಕ್ ಕೂಡ 2025ರಲ್ಲಿ ಇನ್ನೂ 16 ಎಫ್-35 ಕೊಳ್ಳಲು ನಿರ್ಧರಿಸಿತು. ತೊಡಕು ಶುರುವಾಗುವುದು ಖರೀದಿಯ ನಂತರ. ತಂತ್ರಾಂಶ, ಬಿಡಿಭಾಗ ಎರಡಕ್ಕೂ ಅಮೆರಿಕದತ್ತ ನೋಡಬೇಕು. ದೂರದಿಂದಲೇ ವಿಮಾನ ನಿಲ್ಲಿಸುವ ಗುಂಡಿ ಇದೆ ಎಂಬ ವದಂತಿಯನ್ನು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಅಲ್ಲಗಳೆದಿದೆ, ನಿಜ. ಆದರೆ ಬಿಡಿಭಾಗ ತಡೆದರೂ ಸಾಕು, ವಿಮಾನ ನೆಲ ಹಿಡಿಯುತ್ತದೆ. 2025ರ ಮಾರ್ಚ್‌ನಲ್ಲಿ ಉಕ್ರೇನಿಗೆ ಹೋಗುತ್ತಿದ್ದ ಗುಪ್ತಚರ ಮಾಹಿತಿಯನ್ನು ಅಮೆರಿಕ ಕೆಲಕಾಲ ನಿಲ್ಲಿಸಿದ ಮೇಲೆ ಈ ಭಯವನ್ನು ನಾನಂತೂ ತಳ್ಳಿಹಾಕಲಾರೆ.

ಸ್ವೀಡನ್ನಿನ ಗ್ರಿಪೆನ್ ಹೆದ್ದಾರಿಯಿಂದಲೂ ಮೇಲೇರಬಲ್ಲದು, ನಿರ್ವಹಣೆಯೂ ಅಗ್ಗ. ಆದರೆ ಗ್ರಿಪೆನ್ ಇ ಮಾದರಿಯ ಎಂಜಿನ್ ಅಮೆರಿಕದ್ದೇ. ಅಮೆರಿಕದ ಎಂಜಿನ್ ತಡವಾದರೆ ಏನಾಗುತ್ತದೆ ಎಂಬುದನ್ನು ತೇಜಸ್ ಮಾರ್ಕ್ 1ಎ ವಿಷಯದಲ್ಲಿ ಬೆಂಗಳೂರು ಕಂಡಿದೆ.

ಫ್ರಾನ್ಸಿನ ರಫೇಲ್‌ಗೆ ಎಂಜಿನ್ನೂ ಫ್ರಾನ್ಸಿನದೇ. ರಷ್ಯಾದ ಗಡಿಗೆ ಅಂಟಿಕೊಂಡಿರುವ ಫಿನ್ಲೆಂಡ್ 64 ಎಫ್-35 ಆರಿಸಿಕೊಂಡದ್ದು ಸರಿಯೇ. ರಷ್ಯಾದಿಂದ ದೂರ, ಅಟ್ಲಾಂಟಿಕ್ ತೀರದಲ್ಲಿರುವ ಪೋರ್ಚುಗಲ್‌ಗೆ ಎಫ್-35ರ ತುರ್ತು ಅಷ್ಟಿಲ್ಲ. ಅದು ರಫೇಲ್ ಕೊಳ್ಳಲಿ.