ಶಿರಸಿಯ ರದ್ದಿ ಅಂಗಡಿಯಲ್ಲಿ ಸಿಕ್ಕ ಸಾಂಗ್ಲಿಯಾನ

ಶಿರಸಿಯ ದೇವಿಕೆರೆಯ ಹತ್ತಿರ ಒಂದು ಓಣಿಯಲ್ಲಿರುವ ಈ ಅಂಗಡಿಗೆ ಫಲಕವಿಲ್ಲ. ತೂಕದ ಲೆಕ್ಕದಲ್ಲಿ ಬಂದ ರದ್ದಿಯಿಂದ ಓದಿಸಿಕೊಳ್ಳುವಂಥ ಪತ್ರಿಕೆಗಳನ್ನು ಆರಿಸಿ, ವ್ಯಕ್ತಿಗೊಂದು ವಿಷಯಕ್ಕೊಂದು ಕಟ್ಟು ಮಾಡಿ, ಸುತಳಿ ಬಿಗಿದು ಮಾರುವುದು ಇಲ್ಲಿಯ ಕ್ರಮ. ಸಾಂಗ್ಲಿಯಾನ ಎಂಬ ಹೆಸರಿನವರು ನಿಜವಾಗಿಯೂ ಇದ್ದಾರೆಯೇ ಎಂದು ಮಗ ಕೇಳುತ್ತಿದ್ದುದರಿಂದ, ಕಳೆದ ತಿಂಗಳು 180 ರೂಪಾಯಿ ಕೊಟ್ಟು ಎಚ್.ಟಿ. ಸಾಂಗ್ಲಿಯಾನರ ಕಟ್ಟನ್ನು ಮನೆಗೆ ತಂದೆ.

ಅದರ ಮುಕ್ಕಾಲು ಪಾಲು ಪೊಲೀಸ್ ಅಧಿಕಾರಿಗೇ ಮೀಸಲು. ಮಿಜೋರಾಮಿನವರಾದ ಅವರು 1967ರಲ್ಲಿ ಐಪಿಎಸ್ ಸೇರಿ, ಕರ್ನಾಟಕದಲ್ಲಿ ಸೇವೆ ಸಲ್ಲಿಸಿ, ಬೆಂಗಳೂರಿನ ಪೊಲೀಸ್ ಆಯುಕ್ತರಾಗುವವರೆಗಿನ ಹಾದಿಯನ್ನು ಲೇಖನಗಳು ಸಾಕಷ್ಟು ವಿವರವಾಗಿಯೇ ಹೇಳುತ್ತವೆ. ಅವರ ಹೆಸರನ್ನೇ ಹೊತ್ತ ಚಿತ್ರದಲ್ಲಿ ಶಂಕರ್‌ನಾಗ್ 1988ರಲ್ಲಿ ಖಾಕಿ ತೊಟ್ಟರು. 1990ರಲ್ಲಿ ಎರಡನೆಯ ಭಾಗವೂ ಬಂತು. ದೂರದ ಒಂದು ಮಿಜೋ ಹೆಸರನ್ನು ಕನ್ನಡಿಗರ ಬಾಯಲ್ಲಿ ನಿಲ್ಲಿಸಿದ್ದು ನಮ್ಮ ಹೊನ್ನಾವರದ ಹುಡುಗ ಎಂಬ ಹೆಮ್ಮೆ ನನ್ನ ಓದಿಗೆ ಸ್ವಲ್ಪ ಅಡ್ಡ ಬಂದಿತೆಂದೂ ಒಪ್ಪಿಕೊಳ್ಳಬೇಕು.

ಆದರೆ ಸಂಸದ ಸಾಂಗ್ಲಿಯಾನರಿಗೆ ದಕ್ಕಿರುವುದು ಏಳೇ ಹಾಳೆ. 2004ರಲ್ಲಿ ಬಿಜೆಪಿಯಿಂದ ನಿಂತು, ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫರಂಥ ಹಳೆಯ ಹುಲಿಯನ್ನು ಸೋಲಿಸಿದ ಸುದ್ದಿ ಎರಡು ಹಾಳೆಯಲ್ಲಿ ಮುಗಿಯುತ್ತದೆ. ಅಮೆರಿಕದೊಂದಿಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡ ಮೇಲೆ, 2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರ 275–256 ಮತಗಳಿಂದ ವಿಶ್ವಾಸ ಗೆದ್ದಾಗ, ಪಕ್ಷದ ವಿಪ್ ಮೀರಿ ಸರ್ಕಾರದ ಪರ ಮತ ಹಾಕಿದವರಲ್ಲಿ ಇವರೂ ಒಬ್ಬರು. ಬಿಜೆಪಿ ಅವರನ್ನು ಉಚ್ಚಾಟಿಸಿತು. 2009ರಲ್ಲಿ ಕಾಂಗ್ರೆಸ್ಸಿನಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಪಿ.ಸಿ. ಮೋಹನ್ ಎದುರು ಸೋತರು. ಅವರ ಲೋಕಸಭೆಯ ಕಾಲ ಆ ಒಂದೇ ಅವಧಿಗೆ ಮುಗಿಯಿತು. ಮೇಲಿನವರ ಆದೇಶದ ಶಿಸ್ತಿನಲ್ಲೇ ವೃತ್ತಿಜೀವನ ಕಳೆದ ಅಧಿಕಾರಿಯೊಬ್ಬರು ಪಕ್ಷದ ಆದೇಶವನ್ನು ಮೀರಿದ ಆ ಒಂದು ದಿನವೇ ನನಗೆ ಇಡೀ ಕಟ್ಟಿಗಿಂತ ಹೆಚ್ಚು ಬೇಕಾಗಿತ್ತು, ಮತ್ತು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಹರಿದದ್ದೂ ಆ ಹಾಳೆಗಳೇ.

ಇದನ್ನು ಹೇಳಿದಾಗ ಯಜಮಾನರು ಬೇಸರಿಸಲಿಲ್ಲ. “ಓದಿ ತಂದು ಕೊಟ್ರೆ ಅರ್ಧ ದುಡ್ಡು ವಾಪಸ್ ಕೊಡ್ತೆ” ಎಂದರು. ಹರಿದ ಹಾಳೆಗೂ ಈ ಮಾತು ಅನ್ವಯಿಸುವ ಅಂಗಡಿ ನಾನು ಕಂಡಂತೆ ಬೇರೆ ಇಲ್ಲ. ಕಟ್ಟನ್ನು ಇನ್ನೂ ಹಿಂದಿರುಗಿಸಿಲ್ಲ. 2008ರ ಜುಲೈ ತಿಂಗಳ ವಾರಪತ್ರಿಕೆಗಳು ರದ್ದಿಯಲ್ಲಿ ಬಂದರೆ ಎತ್ತಿಡಬೇಕೆಂದು ಹೇಳಿ ಬಂದಿದ್ದೇನೆ.