ಹಳೇ ಟ್ರ್ಯಾಕ್ಟರಿನ ಡ್ಯುಯಲ್ ಕ್ಲಚ್: ಪ್ಲೇಟಿಗೆ ದುಡ್ಡು ಹಾಕುವ ಮೊದಲು ಓದಿ

ಹುಲ್ಲು ದಟ್ಟವಾಗಿರುವ ಕಡೆ ರೋಟವೇಟರ್ (ಮಣ್ಣು ಪುಡಿಮಾಡುವ ಉಪಕರಣ) ತಿಣುಕಿದಾಗ ಕ್ಲಚ್ ಪೆಡಲನ್ನು ಅರ್ಧ ಒತ್ತಿದರೆ ಸಾಕು. ಟ್ರ್ಯಾಕ್ಟರ್ ನಿಲ್ಲುತ್ತದೆ, ಬ್ಲೇಡುಗಳು ತಿರುಗುತ್ತಲೇ ಇದ್ದು ಸಿಕ್ಕಿಕೊಂಡದ್ದನ್ನು ಕಡಿದು ಹಾಕುತ್ತವೆ. ಆಮೇಲೆ ಪೆಡಲ್ ಬಿಟ್ಟು ಮುಂದಕ್ಕೆ ಹೋಗಬಹುದು. 35 ಎಚ್‌ಪಿ ಆಸುಪಾಸಿನ ಹಳೇ ಮೂರು ಸಿಲಿಂಡರ್ ಗಾಡಿಯಲ್ಲಿ ಇಷ್ಟು ಸೌಕರ್ಯ ಕೊಡುವುದು ಡ್ಯುಯಲ್ ಕ್ಲಚ್, ಅಂದರೆ ಚಕ್ರಗಳಿಗೊಂದು, ಹಿಂದಿನ ಉಪಕರಣ ತಿರುಗಿಸುವ ಪಿಟಿಒ ಶಾಫ್ಟಿಗೊಂದು ಪ್ಲೇಟ್ ಇರುವ ಕ್ಲಚ್. ಸಿಂಗಲ್ ಕ್ಲಚ್ ಗಾಡಿಯಲ್ಲಿ ಪೆಡಲ್ ಒತ್ತಿದ ಕೂಡಲೇ ಪಿಟಿಒ ಕೂಡ ನಿಲ್ಲುತ್ತದೆ, ಸಿಕ್ಕಿಕೊಂಡದ್ದು ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ಓಡಿಸಿದ ಮೇಲೂ ಈ ಅರ್ಧ ಪೆಡಲಿನ ಸುಖ ಹಳತಾಗಿಲ್ಲ.

ಬೇಸರ ಬೇರೆ ಕಡೆ ಇದೆ. ಈ ಕ್ಲಚ್ ಕೆಟ್ಟಾಗ ಒಳಗೆ ಏನಾಗಿದೆ ಎಂದು ನೋಡಲು ದಾರಿಯೇ ಇಲ್ಲದಂತೆ ಕಟ್ಟಿದ್ದಾರೆ. ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಫಿಂಗರ್ (ಪ್ಲೇಟಿನ ಹಿಡಿತ ಬಿಡಿಸುವ ಲಿವರ್) ಮತ್ತು ಅದನ್ನು ಒತ್ತುವ ರಿಲೀಸ್ ಬೇರಿಂಗ್ ಸ್ವಲ್ಪ ಕಾಣುತ್ತವೆ, ಅಷ್ಟೇ. ಪ್ಲೇಟ್ ನೋಡಬೇಕೆಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರೆ ಮಾಡಲೇಬೇಕು. ಅದಕ್ಕೇ ಬಹಳ ಗ್ಯಾರೇಜುಗಳಲ್ಲಿ ‘ಕ್ಲಚ್ ಹೋಗಿದೆ’ ಅನ್ನುವ ಒಂದೇ ಮಾತಿಗೆ ಗಾಡಿ ಎರಡು ಹೋಳಾಗುತ್ತದೆ. ಬಿಚ್ಚದೆಯೇ ಗೊತ್ತುಮಾಡಿಕೊಳ್ಳಬಹುದಾದ ಸಂಗತಿ ಬಹಳ ಇದೆ, ಅದಕ್ಕೆ ಒಂದು ಗಂಟೆ ಸಾಕು.

ಮೊದಲು ಎಂಜಿನ್ನಿನ ಸದ್ದು ಕೇಳಿ. ಏರಿನಲ್ಲಿ ಟ್ರೇಲರ್ ಎಳೆಯುವಾಗ ಎಂಜಿನ್ ಮೊರೆತ ಏರುತ್ತಾ ಗಾಡಿ ನಿಧಾನವಾದರೆ ಕ್ಲಚ್ ಜಾರುತ್ತಿದೆ. ಗಾಡಿಯ ಜೊತೆ ಎಂಜಿನ್ನಿನ ವೇಗವೂ ಕುಸಿದರೆ ಕ್ಲಚ್ಚನ್ನು ಬಿಟ್ಟು ಡೀಸೆಲ್ ಫಿಲ್ಟರ್, ಏರ್ ಕ್ಲೀನರ್, ಹಿಡಿದುಕೊಂಡಿರುವ ಬ್ರೇಕ್ ಕಡೆ ಗಮನ ಕೊಡಿ. ಗಾಡಿ ಅಲುಗಾಡದೇ ನಿಂತಿದ್ದರೆ ಹೈ-ಲೋ ಲಿವರ್ (ಗೇರಿನ ವೇಗದ ಶ್ರೇಣಿ ಬದಲಿಸುವುದು) ನ್ಯೂಟ್ರಲ್‌ನಲ್ಲಿದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡಿ. ಇದು ತೀರಾ ಸಣ್ಣ ವಿಷಯ ಅನ್ನಿಸಿದರೂ ಬಿಡಬೇಡಿ.

ಅನುಮಾನ ಉಳಿದರೆ ಸಮತಟ್ಟು ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಿರುವಾಗ, ಎರಡೂ ಬ್ರೇಕ್ ಪೆಡಲ್ ಜೋಡಿಸಿ ಬಲವಾಗಿ ಒತ್ತಿ. ಪಿಟಿಒ ಬಿಡಿಸಿ, ದೊಡ್ಡ ಗೇರ್ ಹಾಕಿ, ಸ್ವಲ್ಪ ಆಕ್ಸಿಲೇಟರ್ ಕೊಟ್ಟು ಕ್ಲಚ್ ನಿಧಾನವಾಗಿ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ನಡುಗಿ ಆಫ್ ಆಗುತ್ತದೆ. ಗಾಡಿ ಕದಲದೆ ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದು ಖಾತ್ರಿ. ಒಂದೇ ಸಲ ಮಾಡಿ, ಮತ್ತೆ ಮತ್ತೆ ಮಾಡಿದರೆ ಪ್ಲೇಟಿನ ಮೇಲೆ ಉಳಿದ ಲೈನಿಂಗ್ (ಹಿಡಿತ ಕೊಡುವ ಪದರ) ಕೂಡ ಸುಡುತ್ತದೆ.

ಯಾವ ಪ್ಲೇಟ್ ಎಂಬುದನ್ನು ಡ್ಯುಯಲ್ ಕ್ಲಚ್ ತಾನೇ ಹೇಳಿಬಿಡುತ್ತದೆ. ರೋಟವೇಟರ್ ತಿರುಗುತ್ತಿದ್ದು ಗಾಡಿ ಎಳೆಯದಿದ್ದರೆ ಮೇನ್ ಪ್ಲೇಟ್. ಗಾಡಿ ಸಲೀಸಾಗಿ ಹೋಗುತ್ತಿದ್ದು ರೋಟವೇಟರ್ ಮಂದವಾದರೆ ಪಿಟಿಒ ಪ್ಲೇಟ್. ಎರಡೂ ಒಟ್ಟಿಗೆ ಜಾರಿದರೆ ಮೊದಲು ಎಣ್ಣೆಯ ಮೇಲೆ ಅನುಮಾನ ಇಡಬೇಕು.

ಜಾರುವುದು ಗೊತ್ತಾದ ಮೇಲೂ ಪ್ಲೇಟ್ ಸವೆದಿದೆ ಎಂದು ತೀರ್ಮಾನಿಸುವ ಹಾಗಿಲ್ಲ. ಪೆಡಲನ್ನು ಕೈಯಿಂದ ಒತ್ತಿ ಫ್ರೀ ಪ್ಲೇ, ಅಂದರೆ ಕ್ಲಚ್ ಹಿಡಿಯುವ ಮೊದಲು ಪೆಡಲಿನ ಖಾಲಿ ಆಟ, ನೋಡಿ. ಬಹುತೇಕ ಹಳೇ ಗಾಡಿಗಳಲ್ಲಿ ಸುಮಾರು 20–25 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಅಂತಿಮ. ಲೈನಿಂಗ್ ಸವೆದ ಹಾಗೆಲ್ಲ ಫಿಂಗರ್‌ಗಳು ರಿಲೀಸ್ ಬೇರಿಂಗ್ ಕಡೆಗೆ ಸರಿಯುತ್ತವೆ, ಆಟ ಕಡಿಮೆಯಾಗುತ್ತದೆ. ಅದು ಪೂರ್ತಿ ಹೋದರೆ ಕಾಲಿಡದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಆಗ ಲಿಂಕೇಜ್ ರಾಡಿನ ನಟ್ಟು ಸಡಿಲಿಸಿ ಉದ್ದ ಸರಿಮಾಡಿದರೆ ಮುಗಿಯಿತು. ಒಳಗೆ ಲೈನಿಂಗ್ ಇನ್ನೂ ಇರಬಹುದು.

ಗೇರ್ ಹಾಕುವಾಗ ಕರಕರ ಸದ್ದು ಬಂದರೆ ತೊಂದರೆ ತದ್ವಿರುದ್ಧ: ಕ್ಲಚ್ ಬಿಡುತ್ತಿಲ್ಲ. ಪೆಡಲ್ ಪೂರ್ತಿ ಒತ್ತಿ ಕೆಲವು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕಚ್ಚಿದರೆ ಆಟ ಹೆಚ್ಚಾಗಿರಬಹುದು, ಫಿಂಗರ್‌ಗಳ ಎತ್ತರ ಒಂದೇ ಸಮ ಇಲ್ಲದಿರಬಹುದು, ಫ್ಲೈವೀಲಿನ (ಎಂಜಿನ್ ಹಿಂದಿನ ಭಾರದ ಚಕ್ರ) ನಡುವಿನ ಪೈಲಟ್ ಬೇರಿಂಗ್ ಹಿಡಿದಿರಬಹುದು. ಮಳೆಗಾಲವೆಲ್ಲ ನಿಂತಿದ್ದ ಗಾಡಿಯಾದರೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರಬಹುದು. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಡಲ್ ಒತ್ತಿ, ಅದು ಮೇಲೆ ಬಾರದಂತೆ ಮರದ ತುಂಡು ಕೊಟ್ಟು ನಿಲ್ಲಿಸಿ, ಅಂಟುವ ಪ್ರಶ್ನೆಯೇ ಬರುವುದಿಲ್ಲ.

ಸದ್ದಿನ ಲೆಕ್ಕವೂ ಸುಲಭ. ಪೆಡಲ್ ಒತ್ತಿದಾಗ ಬಂದು ಬಿಟ್ಟಾಗ ಹೋದರೆ ರಿಲೀಸ್ ಬೇರಿಂಗ್ ಅಥವಾ ಪೈಲಟ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು ಒತ್ತಿದಾಗ ಹೋದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಹೋಗುವ ದಂಡ) ಬೇರಿಂಗ್. ಅದಕ್ಕೆ ಕ್ಲಚ್ ಕಿಟ್ ತಂದರೆ ದುಡ್ಡು ದಂಡ.

ಈಗ ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಕ್ಲಚ್ ಹೌಸಿಂಗಿನ (ಕ್ಲಚ್ ಇರುವ ಪೆಟ್ಟಿಗೆ) ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಕೆಲವು ಗಾಡಿಗಳಲ್ಲಿ ಅದರೊಳಗೆ ಒಂದು ಸ್ಪ್ಲಿಟ್ ಪಿನ್ ತೂಗಾಡುತ್ತಿರುತ್ತದೆ. ಎಣ್ಣೆ ತಡೆಯುವ ಸೀಲ್ ಸೋರಿದರೆ ಎಣ್ಣೆ ಒಳಗೆ ನಿಲ್ಲದೆ ಹೊರಗೆ ತೊಟ್ಟಿಕ್ಕಲಿ ಎಂದೇ ಅದನ್ನು ಇಟ್ಟಿರುವುದು. ಇಡೀ ಕ್ಲಚ್ಚಿನ ಆರೋಗ್ಯ ಹೇಳುವ ಈ ತೂತನ್ನು ಯಾರೂ ನೋಡುವುದಿಲ್ಲ, ಸರ್ವಿಸ್ ಮಾಡುವವರೂ ನೋಡುವುದಿಲ್ಲ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಯಲ್ಲಿ ಕೆಸರು ಉಳುಮೆಗೆ ಇಳಿಸುವಾಗ ಕೆಸರು ಒಳಗೆ ಹೋಗದಂತೆ ಅದಕ್ಕೆ ಬಿರಡೆ ಹಾಕಬೇಕು, ಸರಿ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆತರೆ ಅಥವಾ ಒಣಗಿದ ಕೆಸರು ತೂತನ್ನೇ ಮುಚ್ಚಿದರೆ ಸೋರಿದ ಎಣ್ಣೆ ಒಳಗೇ ನಿಂತು ಪ್ಲೇಟಿಗೆ ಎರಚುತ್ತದೆ. ಎಣ್ಣೆ ಕುಡಿದ ಲೈನಿಂಗ್ ತೊಳೆದರೂ ಸರಿಹೋಗದು.

ವಾರಕ್ಕೊಮ್ಮೆ ಗ್ರೀಸ್ ಹೊಡೆಯುವ ದಿನ ಸ್ಪ್ಲಿಟ್ ಪಿನ್ ಅಲ್ಲಾಡಿಸಿ, ತೂತಿಗೆ ತಂತಿ ಆಡಿಸಿ, ಕೆಳಗೆ ಒಂದು ರಟ್ಟಿನ ತುಂಡು ಇಡಿ. ಬೆಳಿಗ್ಗೆ ಬಿದ್ದ ಹನಿ ನೋಡಿ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಎಣ್ಣೆ, ಅಂದರೆ ಕ್ರ್ಯಾಂಕಿನ ಹಿಂಬದಿಯ ಸೀಲ್. ದಪ್ಪಗೆ, ಹೊಗೆಯ ಕಪ್ಪಿಲ್ಲದೆ ಇದ್ದರೆ ಗೇರ್ ಎಣ್ಣೆ, ಅಂದರೆ ಇನ್‌ಪುಟ್ ಶಾಫ್ಟಿನ ಸೀಲ್. ಎರಡು ನಿಮಿಷದ ಈ ಕೆಲಸ ಒಂದು ಜೊತೆ ಪ್ಲೇಟನ್ನು ಉಳಿಸುತ್ತದೆ.

ಬಿಚ್ಚಲೇಬೇಕಾದರೆ ದುಡ್ಡಿನ ಲೆಕ್ಕ ಹೀಗೆ ಹಾಕಿ. ಗಾಡಿ ಬೇರೆ ಮಾಡುವ ಕೂಲಿ ಒಂದು ಸಾಮಾನಿಗೂ ಐದು ಸಾಮಾನಿಗೂ ಒಂದೇ. ಆದ್ದರಿಂದ ಎರಡೂ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡೂ ಸೀಲ್ ಒಟ್ಟಿಗೆ ಹಾಕಿಸಿ. ಕೈಯಲ್ಲಿ ಕಾಸು ಕಡಿಮೆ ಇದ್ದರೆ ಪ್ರೆಶರ್ ಪ್ಲೇಟನ್ನು (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ರಿಪೇರಿ ಮಾಡಿಸಿದ್ದೇ ಹಾಕಿಸಿಕೊಳ್ಳಿ, ಸೀಲ್‌ನಲ್ಲಿ ಮಾತ್ರ ಉಳಿತಾಯ ಬೇಡ. ಮುಂದಿನ ಆಕ್ಸಲ್ ಎರಡೂ ಬದಿ ಮರದ ಬೆಣೆ ಹೊಡೆಯದೆ ಬೋಲ್ಟ್ ಬಿಚ್ಚಲು ಬಿಡಬೇಡಿ, ಆಕ್ಸಲ್ ನಡುವಿನ ಪಿನ್ನಿನ ಮೇಲೆ ಎಂಜಿನ್ ವಾಲಿ ಬೀಳುತ್ತದೆ. ಹಳೇ ಲೈನಿಂಗ್ ಪುಡಿಯಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಗಾಳಿ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಫ್ಲೈವೀಲಿನ ಮೇಲೆ ನೀಲಿ ಕಲೆ, ಬಿರುಕು ಕಂಡರೆ ಲೇತ್‌ಗೆ ಕಳಿಸಿ. ಪ್ಲೇಟಿನ ನಡುವಿನ ಹಬ್‌ನ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಸವರಿದಷ್ಟೇ ಇರಲಿ, ಹೆಚ್ಚಾದದ್ದು ಲೈನಿಂಗಿಗೆ ಹಾರುತ್ತದೆ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಎಂಬ ಗುರುತನ್ನು ನಿಂತು ನೋಡಿ. ಫಿಂಗರ್‌ಗಳ ಎತ್ತರವನ್ನು ಗೇಜ್ ಇಟ್ಟೇ ಸಮ ಮಾಡಿಸಿ. ಕಣ್ಣಂದಾಜಿನಲ್ಲಿ ಮಾಡಿದರೆ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ.

ಇಷ್ಟು ನೋಡಿಕೊಂಡರೆ ಈ ಕ್ಲಚ್ ಬಹಳ ಸಹಿಸುತ್ತದೆ. ಸಹಿಸದಿರುವುದು ಎರಡನ್ನೇ: ಪೆಡಲಿನ ಮೇಲೆ ಸದಾ ಕಾಲು, ಕಬ್ಬು ತುಂಬಿದ ಟ್ರೇಲರ್ ಜೊತೆ ಏರಿನಲ್ಲಿ ಅರ್ಧ ಕ್ಲಚ್. ಬಾಡಿಗೆಗೆ ಟ್ರೇಲರ್ ಎಳೆಯುವುದೇ ಮುಖ್ಯ ಕೆಲಸವಾದರೆ ಸಿಂಗಲ್ ಕ್ಲಚ್ ಗಾಡಿಯೇ ಅಗ್ಗ. ರೋಟವೇಟರ್ ಇದ್ದವರು ಡ್ಯುಯಲ್ ಬಿಡಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊಸ ಬಣ್ಣ, ಟೈರ್ ನೋಡುವ ಮೊದಲು ಬಗ್ಗಿ ಆ ತೂತು ನೋಡಿ. ಅದಕ್ಕೆ ಎಂಸೀಲ್ ಮೆತ್ತಿದ್ದರೆ ಬೆಲೆಯಲ್ಲಿ ಒಂದು ಪೂರ್ತಿ ಕ್ಲಚ್ ಕೆಲಸ ಮುರಿದುಕೊಂಡೇ ಮಾತಿಗೆ ಕೂರಿ.